ಬರದ ನಾಡಿನವರು ಕಂಡ ಹಡಗು

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯ ಮಿತ್ರರು ಮನೆಗೆ ಬಂದು, ‘ಗುರುಗಳೇ, ಈ ಸಲ ಶಾಲೆ, ಶಿಕ್ಷಣ, ಗಡಿ ಇವನ್ನು ಬಿಟ್ಟು ಬೇರೆ ಏನಾದರೂ ಬರೆದುಕೊಡಿ’ ಎಂದು ವಿನಯದಿಂದಲೇ ಕೇಳಿಕೊಂಡರು. ಹಿಂದಿನ ಸಂಚಿಕೆಗಳಲ್ಲಿ ನಾವು ಗಡಿನಾಡಿನ ಕನ್ನಡ ಶಾಲೆಗಳ ಅಳಲನ್ನೇ ಮತ್ತೆ ಮತ್ತೆ ತೋಡಿಕೊಂಡಿದ್ದುದರಿಂದ ಅವರ ಮಾತಿನಲ್ಲಿ ನ್ಯಾಯವಿತ್ತು. ಆದುದರಿಂದ ಈ ಸಲ ಒಂದು ಹಡಗಿನ ವಿಷಯವನ್ನು ಬರೆಯಲು ಹೊರಟಿದ್ದೇವೆ. ಅದು ಸುತ್ತಿ ಸುತ್ತಿ ಕೊನೆಗೆ ಶಾಲೆಗೇ ಬಂದು ನಿಂತರೆ ವಾಚಕರು ಕ್ಷಮಿಸಬೇಕು. ಮೂವತ್ತೈದು ವರ್ಷ ಸೀಮೆಸುಣ್ಣ ಹಿಡಿದ ಕೈ ಇದು.

ಅಕ್ಕಲಕೋಟೆಯವರಿಗೂ ಹಡಗಿಗೂ ಏನು ಸಂಬಂಧ ಎಂದು ಯಾರಾದರೂ ನಕ್ಕರೆ ಆಶ್ಚರ್ಯವಿಲ್ಲ. ನಮ್ಮದು ಮಳೆನೆರಳಿನ ಸೀಮೆ. ಸಹ್ಯಾದ್ರಿಯ ಆಚೆ ಧಾರಾಕಾರವಾಗಿ ಸುರಿದ ಮೋಡ ಈಚೆ ಬರುವಷ್ಟರಲ್ಲಿ ಬರಿಗೈಯಾಗಿರುತ್ತದೆ. ನೀರು ಎಂದರೆ ನಮಗೆ ಬೋರಿ ನದಿ, ಕುರನೂರಿನ ಅಣೆಕಟ್ಟು, ಬಿಟ್ಟರೆ ಟ್ಯಾಂಕರು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸುವುದನ್ನೇ ಶಿವಪೂಜೆ ಎಂದು ಏಕೆ ಬಗೆದರು ಎಂಬುದನ್ನು ಸೊಲ್ಲಾಪುರದ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಇಂಥ ಊರಿನಲ್ಲಿ ಭೂಗೋಳ ಕಲಿಸುವಾಗ ‘ಸಾಗರ’ ಎಂಬ ಪಾಠ ಬಂದರೆ ನಾವು ಸಿದ್ಧೇಶ್ವರ ಕೆರೆಯನ್ನು ತೋರಿಸಿ, ‘ಇದರ ಆಚೆಯ ದಂಡೆ ಕಾಣುತ್ತದಲ್ಲ, ಅದು ಕಾಣದಿದ್ದರೆ ಹೇಗಿರುತ್ತದೋ ಹಾಗೆ’ ಎಂದು ಹೇಳಿ ಮುಗಿಸುತ್ತಿದ್ದೆವು. ನಾವೇ ಸಮುದ್ರವನ್ನು ಮೊದಲು ಕಂಡದ್ದು ಮದುವೆಯಾದ ಮೇಲೆ.

ಆ ಪಾಠವನ್ನು ಕೇಳಿದವರಲ್ಲಿ ಒಬ್ಬ ಹುಡುಗಿ ಮುಂದೆ ಸಮುದ್ರವನ್ನೇ ವೃತ್ತಿಯಾಗಿ ಹಿಡಿದಳು. ಆಕೆಯ ಹೆಸರನ್ನು ಇಲ್ಲಿ ಬರೆಯಕೂಡದೆಂದು ಆಕೆಯದೇ ಅಪ್ಪಣೆ. ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಒಕ್ಕಲಿನ ಮನೆಯ ಮಗಳು. ತಂದೆಗೆ ನಾಲ್ಕೆಕರೆ ಒಣ ಬೇಸಾಯ. ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತು, ಸೊಲ್ಲಾಪುರದಲ್ಲಿ ಬಿ.ಎಸ್ಸಿ. ಮುಗಿಸಿ, ಹವಾಮಾನ ಮತ್ತು ಸಾಗರದ ಅಧ್ಯಯನಕ್ಕೆಂದು ಹೊರಗೆ ಹೋದಳು. 2002ನೆಯ ಇಸವಿಯ ಮಳೆಗಾಲದಲ್ಲಿ ಆಕೆಯಿಂದ ನಮಗೊಂದು ಕಾಗದ ಬಂದಿತು. ‘ಸಾಗರಕನ್ಯಾ’ ಎಂಬ ಸಂಶೋಧನಾ ನೌಕೆಯ ಮೇಲೆ ಅರಬ್ಬೀ ಸಮುದ್ರದಲ್ಲಿ ಹಲವು ವಾರ ಕಳೆದು ದಡಕ್ಕೆ ಬಂದು ಬರೆದ ಕಾಗದ ಅದು.

ಆ ವರ್ಷವನ್ನು ನಮ್ಮ ರೈತರು ಮರೆತಿರಲಾರರು. ಜುಲೈ ತಿಂಗಳಲ್ಲಿ ಇಡೀ ದೇಶದಲ್ಲಿ ವಾಡಿಕೆಯ ಸುಮಾರು ಅರ್ಧದಷ್ಟೇ ಮಳೆಯಾಯಿತು. ಬಿತ್ತಿದ ಬೀಜ ನೆಲದಲ್ಲೇ ಸುಟ್ಟು ಹೋಯಿತು. ಅದೇ ಹೊತ್ತಿಗೆ ನಮ್ಮ ದೇಶದ ವಿಜ್ಞಾನಿಗಳು ‘ಅರಬ್ಬೀ ಸಮುದ್ರ ಮುಂಗಾರು ಪ್ರಯೋಗ’ ಎಂಬ ಹೆಸರಿನಲ್ಲಿ, ಮಳೆ ಹುಟ್ಟುವ ತಾಣಕ್ಕೇ ಹೋಗಿ ಅದನ್ನು ಅಳೆಯಲು ಹೊರಟಿದ್ದರು. ಸಮುದ್ರದ ಮೇಲ್ಮೈ ಸುಮಾರು 28 ಡಿಗ್ರಿಗಿಂತ ಹೆಚ್ಚು ಬೆಚ್ಚಗಿದ್ದರೆ ದೊಡ್ಡ ಮೋಡಗಳು ಕಟ್ಟುವ ಸಂಭವ ಹೆಚ್ಚು ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಅವರ ಸಂಗಡಿಗರು 1984ರಲ್ಲಿಯೇ ತೋರಿಸಿದ್ದರು. ಆದರೆ ಬೆಚ್ಚಗಿದ್ದರೂ ಮೋಡ ಕಟ್ಟದಿರುವುದೇಕೆ ಎಂಬುದನ್ನು ಅರಿಯಲು ನೀರಿನ ಒಳಗೂ ಗಾಳಿಯ ಮೇಲೂ ಅಳೆಯಬೇಕು. ಅದಕ್ಕೆ ಹಡಗೇ ಬೇಕು. ‘ಸರ್, ಅಪ್ಪ ಹೊಲದಾಗ ನಿಂತು ಮುಗಿಲ ನೋಡತಿದ್ರ, ನಾ ಸಮುದ್ರದಾಗ ನಿಂತು ಅದೇ ಮುಗಿಲ ನೋಡತಿದ್ನಿರಿ. ಇಬ್ಬರಿಗೂ ಮಳಿ ಕಾಣಲಿಲ್ಲ’ ಎಂದು ಆಕೆ ಬರೆದಿದ್ದಳು. ಆ ಕಾಗದವನ್ನು ನಾವು ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಮಕ್ಕಳಿಗೆ ಓದಿ ಹೇಳಿದೆವು.

ಮರುವರ್ಷ ಆ ಹಡಗು ಗೋವೆಯ ಮುರ್ಮುಗೋವಾ ಬಂದರಿನಲ್ಲಿ ನಿಂತಿದ್ದಾಗ, ‘ಅವ್ವಾರನ್ನೂ ಕರಕೊಂಡು ಬರ್ರಿ ಸರ್, ಒಳಗ ಹೋಗಲಿಕ್ಕೆ ಪಾಸ್ ಮಾಡಿಸೇನಿ’ ಎಂದು ಆಕೆ ಕರೆದಳು. ಬೆಳಗಾವಿಯ ಮಾರ್ಗವಾಗಿ ಬಸ್ಸಿನಲ್ಲಿ ಘಟ್ಟ ಇಳಿದು ನಾವು ದಂಪತಿಗಳು ವಾಸ್ಕೊ ತಲುಪಿದೆವು. ಜೊತೆಗೆ ಆಕೆಗೆಂದು ಒಂದು ಡಬ್ಬಿ ಶೇಂಗಾ ಚಟ್ನಿ, ಕಡಕ್ ರೊಟ್ಟಿಯ ಒಂದು ಗಂಟು.

ಸಾಗರಕನ್ಯಾ 1983ರಲ್ಲಿ ಜರ್ಮನಿಯಲ್ಲಿ ನಿರ್ಮಾಣವಾದ ನೌಕೆ. ಉದ್ದ ಸುಮಾರು ನೂರು ಮೀಟರು. ಅದಕ್ಕೂ ಮುಂಚೆ, 1976ರಿಂದ, ‘ಗವೇಷಣಿ’ ಎಂಬ ನೌಕೆ ಈ ಕೆಲಸಕ್ಕಿತ್ತು. 1981ರ ಜನವರಿ 26ರಂದು ಸಾಗರತಳದ ಲೋಹಭರಿತ ಗಂಟುಗಳನ್ನು ನಮ್ಮ ದೇಶಕ್ಕೆಂದು ಮೊದಲು ಮೇಲೆತ್ತಿದ ಕೀರ್ತಿ ಅದರದು. ಇಂಥ ಹೆಸರುಗಳನ್ನು ಇಟ್ಟವರು ಯಾರೋ ರಸಿಕರಿರಬೇಕೆಂದು ನಾವೆಂದರೆ, ನಮ್ಮ ಮನೆಯವರು, ‘ಕನ್ಯಾ ಅಂತೀರಿ, ನೋಡಿದರ ಗಿರಣಿ ಇದ್ದಂಗ ಅದ’ ಎಂದರು. ಮಾತು ಸುಳ್ಳಲ್ಲ. ಹತ್ತಿರದಿಂದ ಕಂಡಾಗ ಅದು ಸೊಲ್ಲಾಪುರದ ಹಳೆಯ ಗಿರಣಿಯೊಂದು ನೀರಿನ ಮೇಲೆ ತೇಲಿದಂತೆಯೇ ಇತ್ತು.

ಹಡಗಿಗೆ ಹತ್ತುವ ಇಳಿಜಾರು ಏಣಿಯ ಕೊನೆಗೆ ಒಬ್ಬ ಖಲಾಸಿ ಪುಸ್ತಕ ಹಿಡಿದು ನಿಂತಿದ್ದ. ನಮ್ಮಿಬ್ಬರ ಹೆಸರು, ಹತ್ತಿದ ಸಮಯ, ಯಾರನ್ನು ಕಾಣಲು ಬಂದವರು ಎಂಬುದನ್ನೆಲ್ಲ ಬರೆದುಕೊಂಡ. ಇಳಿಯುವಾಗ ಇದೇ ಸಾಲಿನಲ್ಲಿ ಮತ್ತೆ ಸಹಿ ಹಾಕಬೇಕೆಂದ. ನಾವು ಕೊಂಚ ಬೇಸರದಿಂದ, ‘ಅರ್ಧ ತಾಸಿನ ಭೇಟಿಗೂ ಇಷ್ಟೆಲ್ಲ ಬೇಕೇನವ್ವಾ?’ ಎಂದು ಶಿಷ್ಯೆಯನ್ನು ಕೇಳಿದೆವು. ‘ಸರ್, ಹಡಗಿನ್ಯಾಗ ಎಲ್ಲಕ್ಕಿಂತ ಮೊದಲಿನ ರೂಲ್ ಇದರಿ. ಈ ಕ್ಷಣಕ್ಕ ಹಡಗಿನ ಮ್ಯಾಲ ಎಷ್ಟ ಮಂದಿ ಇದಾರ ಅನ್ನೂದು ಗೊತ್ತಿರಬೇಕು. ಬೆಂಕಿ ಬಿದ್ದರ ಯಾರನ್ನ ಹುಡುಕಬೇಕು ಅನ್ನೂದು ಆ ಪುಸ್ತಕ ಹೇಳ್ತದ’ ಎಂದಳು. ಆ ಮಾತು ಆಗಲೇ ನಮ್ಮ ಎದೆಯಲ್ಲಿ ಎಲ್ಲಿಯೋ ಚುಚ್ಚಿತು. ಕಾರಣವನ್ನು ಮುಂದೆ ಹೇಳುತ್ತೇವೆ.

ಮೊದಲು ಹಡಗಿನ ಬಾಳುವೆಯನ್ನು ಹೇಳೋಣ. ಕೋಣೆಗಳ ಬಾಗಿಲಿಗೆಲ್ಲ ಎತ್ತರದ ಕಬ್ಬಿಣದ ಹೊಸ್ತಿಲು. ನೀರು ನುಗ್ಗಿದರೆ ಒಳಗೆ ಹರಿಯದಿರಲೆಂದು. ಹೊಸ್ತಿಲು ತುಳಿಯಬಾರದೆಂದು ನಮ್ಮ ಹಿರಿಯರು ಹೇಳಿದ್ದು ಅಲ್ಲಿಯೂ ಸಲ್ಲುತ್ತದೆ. ಅಲ್ಲಿ ಅದನ್ನು ಎಡವಿದರೆ ಮೊಣಕಾಲೇ ಹೋಗುತ್ತದೆ. ಕ್ಯಾಬಿನ್ನು ನಮ್ಮ ಅಡುಗೆಮನೆಯಷ್ಟು ಚಿಕ್ಕದು. ಒಂದರ ಮೇಲೊಂದು ಎರಡು ಮಂಚ. ಮಂಚದ ಅಂಚಿಗೆ ತೊಟ್ಟಿಲಿಗಿದ್ದಂತೆ ಹಲಗೆ, ಹಡಗು ಹೊರಳಿದಾಗ ಮಲಗಿದವರು ಉರುಳದಿರಲೆಂದು. ಊಟದ ಮೇಜಿಗೂ ಕಟ್ಟೆಯಂಥ ಅಂಚು. ಕುರ್ಚಿಗಳಿಗೆ ಸರಪಳಿ. ಪ್ರಯೋಗಶಾಲೆಯಲ್ಲಿ ಪ್ರತಿಯೊಂದು ಸೀಸೆಯೂ ತನ್ನ ಗೂಡಿನಲ್ಲಿ ಪಟ್ಟಿ ಬಿಗಿಸಿಕೊಂಡು ಕುಳಿತಿತ್ತು. ‘ಸಮುದ್ರ ಶಾಂತ ಇದ್ದಾಗನ ಎಲ್ಲಾ ಕಟ್ಟಿಡಬೇಕ್ರಿ, ಅಲಿ ಎದ್ದ ಮ್ಯಾಲ ಕಟ್ಟಲಿಕ್ಕೆ ಕೈಯೇ ಇರೂದಿಲ್ಲ’ ಎಂಬುದು ಆಕೆಯ ವಿವರಣೆ. ನಡೆಯುವಾಗ ಒಂದು ಕೈ ತನಗೆ, ಒಂದು ಕೈ ಹಡಗಿಗೆ ಎಂಬುದು ನಾವಿಕರ ಹಳೆಯ ನಿಯಮ. ಅಂದರೆ ಏನೇ ಹೊತ್ತಿದ್ದರೂ ಒಂದು ಕೈ ಸದಾ ಕಂಬಿ ಹಿಡಿದಿರಬೇಕು. ಮೆಟ್ಟಿಲನ್ನು ಹಿಮ್ಮುಖವಾಗಿ, ಏಣಿ ಇಳಿದಂತೆ ಇಳಿಯಬೇಕು. ನಮ್ಮ ಮನೆಯವರು ಸೆರಗು ಸಿಕ್ಕಿಸಿಕೊಂಡು ಹಾಗೆಯೇ ಇಳಿದರು. ನಾವು ಪ್ರತಿಷ್ಠೆಗಾಗಿ ಮುಂದಕ್ಕೆ ಇಳಿದು ತಲೆ ಬಡಿಸಿಕೊಂಡೆವು. ಭೇಟಿಗೆ ಬಂದವರಿಗೆಲ್ಲ ಕೊಡುವ ಹೆಲ್ಮೆಟ್ಟು ತಲೆಯ ಮೇಲಿದ್ದುದರಿಂದ ಮಾನಕ್ಕೆ ಮಾತ್ರ ಪೆಟ್ಟಾಯಿತು.

ನಾವಿಕರಿಗೆ ನಾಲ್ಕು ತಾಸಿನ ಪಾಳಿ. ಹನ್ನೆರಡರಿಂದ ನಾಲ್ಕು, ನಾಲ್ಕರಿಂದ ಎಂಟು, ಎಂಟರಿಂದ ಹನ್ನೆರಡು, ಹಗಲಿಗೊಮ್ಮೆ, ರಾತ್ರಿಗೊಮ್ಮೆ. ನಡುವೆ ಎಂಟು ತಾಸು ಬಿಡುವು. ವಿಜ್ಞಾನಿಗಳ ದಿನ ಗಡಿಯಾರದಿಂದ ನಡೆಯುವುದಿಲ್ಲ, ತಾಣದಿಂದ ನಡೆಯುತ್ತದೆ. ಗೊತ್ತುಮಾಡಿದ ಜಾಗಕ್ಕೆ ಹಡಗು ತಲುಪಿದ್ದು ರಾತ್ರಿ ಎರಡು ಗಂಟೆಗಾದರೆ ಎರಡು ಗಂಟೆಗೇ ಎದ್ದು ಕೆಲಸ. ಅಡುಗೆಮನೆ ಮಾತ್ರ ಗಂಟೆ ತಪ್ಪುವುದಿಲ್ಲ. ಸಮುದ್ರ ಒಗ್ಗದ ಮೊದಲ ಮೂರು ದಿನ ಊಟ ಕಂಡರೆ ಹೊಟ್ಟೆ ತೊಳಸುತ್ತದೆ. ಆದರೂ ಬರಿಹೊಟ್ಟೆಯಲ್ಲಿ ಇರಬಾರದು, ಒಣ ಬಿಸ್ಕಿಟಾದರೂ ತಿನ್ನಬೇಕು, ಹೊರಗೆ ಬಂದು ದಿಗಂತದ ಗೆರೆಯನ್ನು ನೋಡುತ್ತ ನಿಲ್ಲಬೇಕು. ನಮ್ಮ ಶಿಷ್ಯೆಯನ್ನು ಆ ದಿನಗಳಲ್ಲಿ ಕಾಪಾಡಿದ್ದು ಕಡಕ್ ರೊಟ್ಟಿಯಂತೆ. ಸಿಹಿನೀರು ಹಡಗಿನಲ್ಲಿ ಅಳತೆಯ ವಸ್ತು. ಸುತ್ತ ನೀರೇ ನೀರಿದ್ದರೂ ಸ್ನಾನಕ್ಕೆ ಲೆಕ್ಕ. ಒಂದು ಕಿಲೋ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ಅದನ್ನು ಕುಡಿಯುವಂತಿಲ್ಲ, ತೊಳೆಯುವಂತಿಲ್ಲ. ‘ಈ ವಿಷಯದಾಗ ನಮ್ಮ ತಾಲೂಕಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲರಿ, ಒಂದು ಬಕೆಟ್ಟಿನ್ಯಾಗ ಮುಗಿಸೂದು ನಮಗ ಗೊತ್ತದ’ ಎಂದು ನಕ್ಕಳು. ಪ್ಲಾಸ್ಟಿಕ್ಕಿನ ಒಂದು ಚೂರನ್ನೂ ಕಡಲಿಗೆ ಎಸೆಯಕೂಡದು. ಇದು ಅಂತರರಾಷ್ಟ್ರೀಯ ಕಾನೂನು. ಕಸವನ್ನು ಬೇರೆ ಬೇರೆ ಚೀಲಗಳಲ್ಲಿ ತುಂಬಿ ದಡಕ್ಕೇ ತರಬೇಕು.

ಇನ್ನು ಕೆಲಸ. ಹಡಗಿನ ಹಿಂಬದಿಯ ಬಯಲಾದ ಅಟ್ಟಕ್ಕೆ ಡೆಕ್ ಎನ್ನುತ್ತಾರೆ. ಅಲ್ಲಿ ಉಕ್ಕಿನ ಚೌಕಟ್ಟಿಗೆ ಬಾಳೆಗೊನೆಯಂತೆ ಸುತ್ತಲೂ ಕೊಳವೆಗಳನ್ನು ಜೋಡಿಸಿದ ಒಂದು ಯಂತ್ರವಿತ್ತು. ಅದನ್ನು ತಂತಿಹಗ್ಗಕ್ಕೆ ಕಟ್ಟಿ ನೀರಿಗಿಳಿಸುತ್ತಾರೆ. ಇಳಿಯುತ್ತ ಇಳಿಯುತ್ತ ಅದು ಪ್ರತಿ ಆಳದ ಉಷ್ಣತೆಯನ್ನೂ ಉಪ್ಪಿನಂಶವನ್ನೂ ಮೇಲಕ್ಕೆ ತಿಳಿಸುತ್ತದೆ. ಬೇಕಾದ ಆಳದಲ್ಲಿ ಮೇಲಿನಿಂದ ಸಂಕೇತ ಕೊಟ್ಟರೆ ಒಂದೊಂದೇ ಕೊಳವೆ ಬಾಯಿ ಮುಚ್ಚಿಕೊಂಡು ಅಲ್ಲಿಯ ನೀರನ್ನು ಹಿಡಿದು ತರುತ್ತದೆ. ಸೆಕೆಂಡಿಗೆ ಸುಮಾರು ಒಂದು ಮೀಟರಿನಂತೆ ಇಳಿಸಬೇಕು. ಎರಡು ಸಾವಿರ ಮೀಟರು ಇಳಿದು ಏರಲು ಒಂದು ತಾಸಿಗೂ ಮೇಲೆ. ಇತ್ತ ಇನ್ನೊಂದು ತಂಡ ಹೀಲಿಯಂ ತುಂಬಿದ ಬಲೂನಿಗೆ ಪುಟ್ಟ ಉಪಕರಣ ಕಟ್ಟಿ ಆಕಾಶಕ್ಕೆ ಬಿಡುತ್ತದೆ. ಕೆಳಗೆ ನೀರಿನ ನಾಡಿ, ಮೇಲೆ ಗಾಳಿಯ ನಾಡಿ. ಎರಡನ್ನೂ ಒಟ್ಟಿಗೆ ಹಿಡಿದು ನೋಡುವ ವೈದ್ಯಶಾಲೆ ಆ ಹಡಗು.

ಈ ಡೆಕ್ಕೇ ಹಡಗಿನಲ್ಲಿ ಅತ್ಯಂತ ಅಪಾಯದ ತಾಣ. ಹೆಲ್ಮೆಟ್ಟು, ಉಕ್ಕಿನ ಮೂತಿಯ ಬೂಟು, ಎದೆಗೆ ಲೈಫ್‌ಜಾಕೆಟ್ಟು ಇಲ್ಲದೆ ಕೆಲಸದ ಹೊತ್ತಿನಲ್ಲಿ ಅಲ್ಲಿ ಕಾಲಿಡುವಂತಿಲ್ಲ. ಬಿಗಿದ ತಂತಿಯನ್ನು ದಾಟಬಾರದು, ಅದರ ಕೆಳಗೆ ನುಸುಳಬಾರದು, ಅದರ ನೇರಕ್ಕೆ ನಿಲ್ಲಬಾರದು. ಹರಿದ ತಂತಿ ಚಾಟಿಯಂತೆ ಬೀಸಿ ಮನುಷ್ಯನನ್ನು ಕತ್ತರಿಸಬಲ್ಲದು. ನೆಲದ ಮೇಲೆ ಸುರುಳಿಯಾಗಿ ಬಿದ್ದ ಹಗ್ಗದ ಕುಣಿಕೆಯೊಳಗೆ ಕಾಲಿಡಬಾರದು. ಹಗ್ಗ ಒಮ್ಮೆಲೆ ಓಡಿದರೆ ಕಾಲನ್ನೂ ಒಯ್ಯುತ್ತದೆ. ರಾತ್ರಿ ಒಬ್ಬರೇ ಡೆಕ್ಕಿಗೆ ಹೋಗಬಾರದು. ವಿಂಚಿನ ಚಾಲಕನಿಗೆ ಕೈಸನ್ನೆ ಮಾಡುವವನು ಒಬ್ಬನೇ ಇರಬೇಕು. ಹತ್ತು ಮಂದಿ ಹತ್ತು ಸನ್ನೆ ಮಾಡಿದರೆ ಅನಾಹುತ. ‘ಆದರ ಸರ್, ಒಂದು ಸನ್ನಿ ಮಾತ್ರ ಯಾರ ಬೇಕಾದರೂ ಮಾಡಬಹುದರಿ. ನಿಲ್ಲಸ್ರಿ ಅನ್ನೂದು. ಮೊನ್ನೆ ಬಂದ ಹುಡುಗ ಕೈ ಎತ್ತಿ ಕೂಗಿದರೂ ವಿಂಚ್ ನಿಲ್ಲಬೇಕು. ಯಾಕ ಅಂತ ಆಮ್ಯಾಲ ಕೇಳತಾರ’ ಎಂದಳು.

ಮೇಲಿನ ಅಟ್ಟದಲ್ಲಿ ಕಿತ್ತಳೆ ಬಣ್ಣದ ಜೀವರಕ್ಷಕ ದೋಣಿಗಳು ತೂಗುಬಿದ್ದಿದ್ದವು. 1912ರಲ್ಲಿ ಟೈಟಾನಿಕ್ ಮುಳುಗಿದಾಗ ಅದರ ಮೇಲೆ ಸುಮಾರು 2200 ಜನರಿದ್ದರು. ದೋಣಿಗಳಿದ್ದುದು 20, ಅವುಗಳಲ್ಲಿ ಸ್ಥಳವಿದ್ದುದು 1178 ಜನರಿಗೆ. ಆ ದೋಣಿಗಳೂ ಹಲವು ಅರೆಬರೆ ತುಂಬಿಯೇ ಹೋದವು, ಏಕೆಂದರೆ ಯಾರು ಯಾವ ದೋಣಿಗೆ ಎಂಬುದನ್ನು ಜನಕ್ಕೆ ಮುಂಚಿತವಾಗಿ ಕಲಿಸಿರಲಿಲ್ಲ. ಸುಮಾರು 1500 ಜನ ಸತ್ತ ಮೇಲೆ, 1914ರಲ್ಲಿ ಲಂಡನ್ನಿನಲ್ಲಿ ದೇಶಗಳೆಲ್ಲ ಸೇರಿ ಸಮುದ್ರದಲ್ಲಿ ಜೀವರಕ್ಷಣೆಯ ಒಪ್ಪಂದವನ್ನು ಬರೆದವು. ಈಗ ನಡೆಯುತ್ತಿರುವುದು 1974ರ ಒಪ್ಪಂದ. ಅದರಂತೆ ಪ್ರತಿಯೊಬ್ಬ ನಾವಿಕನೂ ತಿಂಗಳಿಗೊಮ್ಮೆಯಾದರೂ ಬೆಂಕಿಯ ಮತ್ತು ಹಡಗು ತೊರೆಯುವ ಅಭ್ಯಾಸಗಳಲ್ಲಿ ಪಾಲ್ಗೊಳ್ಳಬೇಕು. ನಿಯಮಗಳ ಪ್ರತಿಯೊಂದು ಸಾಲಿನ ಕೆಳಗೂ ಯಾರದೋ ಸಾವು ಇದೆ ಎಂಬುದು ನಮಗೆ ಅಂದು ತಿಳಿಯಿತು.

ಅಪಾಯದ ಕರೆ ಎಂದರೆ ಏಳು ಚಿಕ್ಕ ಕೂಗು, ಆಮೇಲೆ ಒಂದು ದೀರ್ಘ ಕೂಗು. ಛಂದಸ್ಸು ಕಲಿಸಿದವರಿಗೆ ಅದು ಮರೆಯುವಂತಿಲ್ಲ: ಏಳು ಲಘು, ಒಂದು ಗುರು. ಆ ಕೂಗು ಕೇಳಿದೊಡನೆ ನಿದ್ದೆಯಲ್ಲಿರಲಿ, ಸ್ನಾನದಲ್ಲಿರಲಿ, ಲೈಫ್‌ಜಾಕೆಟ್ಟು ತೊಟ್ಟು ತನಗೆ ಗೊತ್ತುಮಾಡಿದ ಜಾಗದಲ್ಲಿ ನಿಲ್ಲಬೇಕು. ಸೊಲ್ಲಾಪುರದ ನಮ್ಮ ಹಿರಿಯರು ಗಿರಣಿಯ ಭೋಂಗಾ ಕೇಳಿ ಎದ್ದು, ಭೋಂಗಾ ಕೇಳಿ ಉಂಡವರು. ಅದು ಕೆಲಸಕ್ಕೆ ಕರೆಯುವ ಕೂಗು, ಇದು ಜೀವಕ್ಕೆ ಕರೆಯುವ ಕೂಗು. ಅಲ್ಲಿ ಒಬ್ಬ ಅಧಿಕಾರಿ ಪಟ್ಟಿ ಹಿಡಿದು ಹೆಸರು ಕೂಗುತ್ತಾನೆ. ಉತ್ತರವನ್ನು ಆಯಾ ವ್ಯಕ್ತಿಯೇ ತನ್ನ ಬಾಯಿಂದ ಹೇಳಬೇಕು. ‘ಅವರು ಬರಾಕತ್ತಾರ್ರಿ’ ಎಂದು ಪಕ್ಕದವರು ಹೇಳಿದರೆ ಒಪ್ಪುವುದಿಲ್ಲ. ಒಬ್ಬನು ಕಡಿಮೆಯಾದರೂ ಎಣಿಕೆ ಮುಗಿಯಲಿಲ್ಲವೆಂದೇ ಅರ್ಥ.

ಯಾರಾದರೂ ನೀರಿಗೆ ಬಿದ್ದರೆ? ಕಂಡವನು ಮೊದಲು ಕೂಗಬೇಕು, ಕೈಗೆ ಸಿಕ್ಕ ತೇಲುಬಳೆಯನ್ನು ಎಸೆಯಬೇಕು, ಆಮೇಲೆ ಬಿದ್ದವನ ಕಡೆಗೆ ಕೈಚಾಚಿ ನಿಂತುಬಿಡಬೇಕು. ಕಣ್ಣು ತೆಗೆಯಬಾರದು, ಬೇರೆ ಕೆಲಸಕ್ಕೆ ಹೋಗಬಾರದು. ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟೇ. ರೆಪ್ಪೆ ಬಡಿದರೆ ಕಳೆದುಹೋಗುತ್ತದೆ. ಹಡಗು ತನ್ನದೇ ಜಾಡಿಗೆ ಮರಳುವಂತೆ ತಿರುಗುವ ಒಂದು ಗೊತ್ತಾದ ಕ್ರಮವಿದೆ. ಆ ತಿರುವು ಮುಗಿಯುವವರೆಗೆ ಚಾಚಿದ ಆ ಕೈಯೇ ಹಡಗಿನ ಕಣ್ಣು.

ಚಹಾ ಕುಡಿಯುತ್ತ ಕುಳಿತಾಗ ಶಿಷ್ಯೆ ತನ್ನದೊಂದು ಅನುಭವ ಹೇಳಿದಳು. ಅದು ಬೇರೊಂದು ಹಡಗು, ಬೇರೊಂದು ಯಾನ. ಆಗ ಆಕೆ ಎಲ್ಲರಿಗಿಂತ ಕಿರಿಯಳು. ನಸುಕಿನಲ್ಲಿ ಯಂತ್ರ ಇಳಿಸುವಾಗ ಒಬ್ಬ ವಯಸ್ಸಾದ ಖಲಾಸಿಯ ಕಾಲು ಹಗ್ಗದ ಕುಣಿಕೆಯೊಳಗೆ ಇರುವುದನ್ನು ಆಕೆ ಕಂಡಳು. ಮೂವತ್ತು ವರ್ಷ ಸಮುದ್ರ ಕಂಡ ಮನುಷ್ಯ, ಅವನಿಗೆ ತಿಳಿಯದೇ? ಎಂಬ ಅಳುಕು. ಆದರೂ ಕೈ ಎತ್ತಿ ‘ಸ್ಟಾಪ್’ ಎಂದು ಕಿರುಚಿದಳು. ವಿಂಚು ನಿಂತಿತು. ಎಲ್ಲರೂ ತಿರುಗಿ ನೋಡಿದರು. ಖಲಾಸಿ ಕೆಳಗೆ ನೋಡಿ, ಮಾತಾಡದೆ ಕಾಲು ತೆಗೆದುಕೊಂಡ. ಡೆಕ್ಕಿನ ಮುಖ್ಯಸ್ಥ ಆಕೆಯತ್ತ ಒಮ್ಮೆ ತಲೆಯಾಡಿಸಿ ಕೆಲಸ ಮುಂದುವರಿಸಿದ. ಅಷ್ಟೇ. ಅನಾಹುತವೇನೂ ಆಗಲಿಲ್ಲವಾದ್ದರಿಂದ ಅದು ಯಾವ ದಾಖಲೆಯಲ್ಲಿಯೂ ದೊಡ್ಡ ಸುದ್ದಿಯಾಗಲಿಲ್ಲ. ಇಷ್ಟು ಹೇಳಿ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆವತ್ತು ನನಗ ಕೂಡಲ ನೆನಪಾತರಿ ಸರ್’ ಎಂದಳು.

ನಮ್ಮ ಕೈಯೊಳಗಿನ ಕಪ್ಪು ಅಲುಗಿತು. ಹದಿನೇಳು ವರ್ಷಗಳಿಂದ ನಾವಿಬ್ಬರೂ ಆಡದೆ ಬಿಟ್ಟ ಮಾತು ಅದು.

1986ರ ಚಳಿಗಾಲ. ಆಗ ನಾವು ಸಹಶಿಕ್ಷಕರು. ಆರನೆಯ, ಏಳನೆಯ ತರಗತಿಗಳ 54 ಮಕ್ಕಳನ್ನು ಹತ್ತರಸಂಗ-ಕೂಡಲಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಭೀಮಾ ಮತ್ತು ಸೀನಾ ನದಿಗಳು ಕೂಡುವ ಆ ಸ್ಥಳವನ್ನು, ಅಲ್ಲಿಯ ಸಂಗಮೇಶ್ವರ ಗುಡಿಯನ್ನು, ಬಹುಮುಖಿ ಲಿಂಗವನ್ನು, ಶಾಸನವನ್ನು ಸೊಲ್ಲಾಪುರದವರೆಲ್ಲ ಬಲ್ಲರು. ಸಂಜೆ ಹೊರಡುವ ಹೊತ್ತಿಗೆ ತಡವಾಗಿತ್ತು. ಚಾಲಕ ಹಾರ್ನ್ ಬಾರಿಸುತ್ತಿದ್ದ. ನಾವು ಮುಂದಿನ ಸೀಟಿನಲ್ಲಿ ಕುಳಿತೇ ಮಾನಿಟರನನ್ನು, ‘ಎಲ್ಲಾರೂ ಬಂದಾರೇನೋ?’ ಎಂದು ಕೇಳಿದೆವು. ‘ಬಂದಾರ್ರಿ ಸರ್’ ಎಂದ. ಬಸ್ಸು ಹೊರಟಿತು. ಆಗ ಹಿಂದಿನಿಂದ ಒಂದು ಹುಡುಗಿ ಎದ್ದು ನಿಂತು, ‘ಸರ್, ನನ್ನ ಬಾಜೂಕಿನ ಸೀಟ ಖಾಲಿ ಅದರಿ’ ಎಂದಳು. ದಣಿದಿದ್ದೆವು. ತಲೆ ನೋಯುತ್ತಿತ್ತು. ತಿರುಗಿಯೂ ನೋಡದೆ, ‘ಸುಮ್ಮ ಕೂಡು. ಮುಂದ ಎಲ್ಲೋ ಕೂತಿರ್ತಾಳ. ಬಾಯಿ ಮುಚ್ಚು’ ಎಂದು ಗದರಿದೆವು. ಹುಡುಗಿ ಕುಳಿತುಕೊಂಡಳು.

ಎಂಟು-ಹತ್ತು ಕಿಲೋಮೀಟರು ಬಂದ ಮೇಲೆ ಒಂದು ನಾಕೆಯಲ್ಲಿ ಬಸ್ಸು ನಿಂತಾಗ, ಆ ಹುಡುಗಿ ಅಳುತ್ತಿರುವುದನ್ನು ಇನ್ನೊಬ್ಬ ಶಿಕ್ಷಕರು ಕಂಡು ಎಣಿಸಿದರು. ಐವತ್ತಮೂರು. ಮತ್ತೆ ಎಣಿಸಿದರು. ಐವತ್ತಮೂರು. ಬಸ್ಸು ತಿರುಗಿಸಿ ಹಿಂದಕ್ಕೆ ಹೋದ ಆ ಹಾದಿ ಎಷ್ಟು ಉದ್ದವಾಗಿತ್ತೆಂಬುದನ್ನು ನಾವು ಇಂದಿಗೂ ಅಳೆಯಲಾರೆವು. ಕತ್ತಲಾಗಿತ್ತು. ಎರಡು ಹೊಳೆಗಳು ಕೂಡುವ ಸದ್ದು ಮಾತ್ರ ಕೇಳುತ್ತಿತ್ತು. ಬ್ಯಾಟರಿ ಹಿಡಿದು ಹೆಸರು ಕೂಗುತ್ತ ಓಡಿದೆವು. ಗುಡಿಯ ಹಿಂಬದಿಯಲ್ಲಿ ಒಬ್ಬ ಕುರಿಗಾಹಿ ಮುದುಕ ಬೆಂಕಿ ಮಾಡಿಕೊಂಡು ಕುಳಿತಿದ್ದ. ಅವನ ಕಂಬಳಿಯೊಳಗೆ ನಮ್ಮ ಹುಡುಗಿ ನಿದ್ದೆ ಹೋಗಿದ್ದಳು. ಚಪ್ಪಲಿ ಹುಡುಕಲು ನೀರಿನ ಕಡೆಗೆ ಹೋಗಿದ್ದಳಂತೆ. ‘ಹೊಳಿ ದಂಡಿಗಿ ಒಂದ ಕೂಸ ಅಳಕೋತ ನಿಂತಿತ್ರಿ ಮಾಸ್ತರ, ಕರಕೊಂಡ ಬಂದೆ’ ಎಂದನಾತ. ನಾವು ಅವನ ಕಾಲು ಮುಟ್ಟಲು ಬಾಗಿದರೆ ಅವನು ಹಿಂದೆ ಸರಿದ.

ಊರಿಗೆ ಬಂದು ಪಾಲಕರಿಗೆ, ‘ಬಸ್ಸು ಕೆಟ್ಟಿತ್ತು, ತಡವಾಯಿತು’ ಎಂದೆವು. ಇದನ್ನು ಬರೆಯುವಾಗ ಕೈ ನಡುಗುತ್ತದೆ, ಆದರೂ ಬರೆಯುತ್ತೇವೆ. ಗದರಿಸಿಕೊಂಡ ಹುಡುಗಿಗೆ, ‘ನೀ ಹೇಳಿದ್ದು ಖರೆ ಇತ್ತವ್ವಾ’ ಎಂಬ ಒಂದು ಮಾತನ್ನೂ ನಾವು ಅಂದು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅಂದು ಖಾಲಿ ಸೀಟಿನ ಪಕ್ಕದಲ್ಲಿ ಎದ್ದು ನಿಂತವಳೇ ಈ ಶಿಷ್ಯೆ.

ಹಡಗಿನ ಆ ಊಟದ ಮನೆಯಲ್ಲಿ, ಸರಪಳಿ ಬಿಗಿದ ಕುರ್ಚಿಯ ಮೇಲೆ ಕುಳಿತು, ನಮ್ಮ ಮನೆಯವರ ಎದುರಿಗೆ, ಆ ಮಾತನ್ನು ಆಕೆಗೆ ಹೇಳಿದೆವು. ‘ತಪ್ಪಾತವ್ವಾ. ಆವತ್ತ ನಿನ್ನ ಮಾತು ಕೇಳಬೇಕಿತ್ತು’ ಎಂದೆವು. ಆಕೆ ಗಾಬರಿಯಾಗಿ, ‘ಅಯ್ಯ, ಬಿಡ್ರಿ ಸರ್’ ಎಂದು ಎದ್ದು ನಿಂತಳು. ಬಳಿಕ ನಿಧಾನವಾಗಿ, ‘ನೀವ್ ಬೈದಿದ್ದಕ್ಕ ನನಗ ಸಿಟ್ಟ ಇರಲಿಲ್ಲರಿ. ನಾ ಎರಡನೇ ಸಲ ಹೇಳಲಿಲ್ಲಲ್ಲಾ, ಸುಮ್ಮ ಕೂತೆ, ಅದs ನನಗ ಭಾಳ ದಿನ ಕಾಡತಿತ್ರಿ’ ಎಂದಳು. ಹನ್ನೊಂದು ವರ್ಷದ ಮಗು ಹದಿನೇಳು ವರ್ಷ ಹೊತ್ತ ಆ ಭಾರ ನಮ್ಮದಾಗಿತ್ತು, ಹೊರಿಸಿದವರು ನಾವು.

ಇಳಿಯುವಾಗ ಖಲಾಸಿಯ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಸಹಿ ಹಾಕಿದೆವು. ಈ ಸಲ ಬೇಸರವೆನಿಸಲಿಲ್ಲ.

ಆ ಹೊತ್ತಿಗೆ ನಾವು ಮುಖ್ಯಾಧ್ಯಾಪಕರಾಗಿದ್ದೆವು. ನಿವೃತ್ತಿಗೆ ಇನ್ನೂ ಕೆಲವು ವರ್ಷಗಳಿದ್ದವು. ಮರಳಿ ಬಂದು ಶಾಲೆಯಲ್ಲಿ ಮಾಡಿದ್ದು ಬಹಳವೇನಲ್ಲ. ಪ್ರವಾಸ ಹೊರಟರೆ ಮಕ್ಕಳನ್ನು ಜೋಡಿ ಮಾಡಿ, ಒಬ್ಬರ ಹೊಣೆ ಇನ್ನೊಬ್ಬರಿಗೆ ಒಪ್ಪಿಸಿದೆವು. ಎಣಿಕೆ ಇಬ್ಬರು ಶಿಕ್ಷಕರು ಬೇರೆ ಬೇರೆಯಾಗಿ ಮಾಡಬೇಕು. ಮಗು ತಾನೇ ಓ ಎನ್ನಬೇಕು. ಎರಡೂ ಲೆಕ್ಕ ಕೂಡಿದ ಮೇಲೆಯೇ ಬಸ್ಸು. ಶಾಲೆಯ ಬಾವಿಗೆ ಜಾಳಿಗೆ ಹಾಕಿಸಿದೆವು. ಮಧ್ಯಾಹ್ನದ ಅಡುಗೆಯ ಕೋಣೆಯ ಹತ್ತಿರ ಮರಳು ತುಂಬಿದ ಬಕೆಟ್ಟುಗಳನ್ನಿಟ್ಟು, ಎರಡು ತಿಂಗಳಿಗೊಮ್ಮೆ ಗಂಟೆಯನ್ನು ಏಳು ಸಲ ಚಿಕ್ಕದಾಗಿ, ಒಂದು ಸಲ ಎಳೆದು ಬಾರಿಸಿ ಎಲ್ಲರೂ ಮೈದಾನಕ್ಕೆ ಬರುವ ಅಭ್ಯಾಸ ಮಾಡಿಸಿದೆವು. ಮೊದಲ ದಿನ ಮಕ್ಕಳು ನಕ್ಕರು, ಶಿಕ್ಷಕರೂ ನಕ್ಕರು. ಮೂರನೆಯ ಸಲ ಯಾರೂ ನಗಲಿಲ್ಲ. ಇವೆಲ್ಲಕ್ಕಿಂತ ಕಷ್ಟವಾದದ್ದು ಇನ್ನೊಂದು ನಿಯಮ: ಯಾವ ಮಗುವಾದರೂ ‘ನಿಲ್ಲಸ್ರಿ’ ಎಂದರೆ ಶಿಕ್ಷಕರು ನಿಲ್ಲಿಸಬೇಕು, ಕಾರಣವನ್ನು ಆಮೇಲೆ ಕೇಳಬೇಕು. ಇದು ಶಿಸ್ತನ್ನು ಕೆಡಿಸುತ್ತದೆ ಎಂದು ಸಹೋದ್ಯೋಗಿಗಳು ವಾದಿಸಿದರು. ಮಕ್ಕಳು ಒಂದೆರಡು ಸಲ ಅದನ್ನು ಗಣಿತದ ತಾಸು ನಿಲ್ಲಿಸಲು ಬಳಸಿದ್ದೂ ಉಂಟು. ಆದರೆ ಒಂದು ದಿನ ಐದನೆಯ ತರಗತಿಯ ಹುಡುಗನೊಬ್ಬ ಓಡಿ ಬಂದು ಅಡುಗೆಯ ಕೋಣೆಯಲ್ಲಿ ಗ್ಯಾಸಿನ ವಾಸನೆ ಬರುತ್ತಿದೆಯೆಂದು ಪ್ರಾರ್ಥನೆಯ ನಡುವೆಯೇ ಕೂಗಿದ. ಪ್ರಾರ್ಥನೆ ನಿಂತಿತು. ನಳಿಕೆ ಸಡಿಲವಾಗಿತ್ತು. ಅಂದಿನಿಂದ ಆ ವಾದವೂ ನಿಂತಿತು.

ಶಿಷ್ಯೆ ಅಂದು ನಮಗೊಂದು ಕಾಣಿಕೆ ಕೊಟ್ಟಿದ್ದಳು. ಚಹಾ ಕುಡಿಯುವ ಥರ್ಮೊಕೋಲಿನ ಕಪ್ಪು. ಯಂತ್ರದ ಜೊತೆಗೆ ಎರಡು ಸಾವಿರ ಮೀಟರು ಆಳಕ್ಕೆ ಹೋಗಿ ಬಂದದ್ದು. ಪ್ರತಿ ಹತ್ತು ಮೀಟರಿಗೆ ಒಂದು ವಾಯುಮಂಡಲದಷ್ಟು ಒತ್ತಡ ಏರುವುದರಿಂದ, ಅಲ್ಲಿ ಇನ್ನೂರು ಪಟ್ಟು ಒತ್ತಡಕ್ಕೆ ಸಿಕ್ಕಿ ಅದು ಹೆಬ್ಬೆರಳಿನಷ್ಟಾಗಿದೆ. ಅದರ ಮೇಲೆ ಆಕೆ ಬರೆದ ನಮ್ಮ ಶಾಲೆಯ ಹೆಸರೂ ಕುಗ್ಗಿದೆ, ಆದರೆ ಒಂದು ಅಕ್ಷರವೂ ಅಳಿಸಿಲ್ಲ. ಅದು ಇಂದಿಗೂ ನಮ್ಮ ಮೇಜಿನ ಮೇಲಿದೆ. ಮೊಮ್ಮಕ್ಕಳು ಬಂದಾಗ ಕೇಳುತ್ತಾರೆ, ನಾವು ಹೇಳುತ್ತೇವೆ; ಕೂಡಲದ ಮಾತನ್ನೂ ಬಿಡದೆ ಹೇಳುತ್ತೇವೆ.

ಈ ಸಾಹಿತ್ಯ ಸಮ್ಮೇಳನಕ್ಕೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಮಕ್ಕಳು ಮರಿಗಳೊಡನೆ ಬಸ್ಸು, ಟೆಂಪೊ ಮಾಡಿಕೊಂಡು ಬಂದಿದ್ದೀರಿ. ಗೋಷ್ಠಿ ಮುಗಿದು, ಊಟ ಮುಗಿದು, ರಾತ್ರಿ ಹೊರಡುವ ಹೊತ್ತಿಗೆ ಎಲ್ಲರಿಗೂ ದಣಿವು ಇರುತ್ತದೆ. ಆಗ ದಯಮಾಡಿ ಒಮ್ಮೆ ಎಣಿಸಿರಿ. ಕುಳಿತಲ್ಲಿಂದ ಕೇಳಬೇಡಿರಿ, ಎದ್ದು ಹೋಗಿ ಎಣಿಸಿರಿ. ಹಿಂದಿನ ಸೀಟಿನಿಂದ ಯಾವುದಾದರೂ ಕೂಸು ಏನನ್ನಾದರೂ ಹೇಳಿದರೆ ಬಸ್ಸನ್ನು ನಿಲ್ಲಿಸಿ ಕೇಳಿರಿ. ಇಷ್ಟನ್ನು ಹೇಳಲು ಇಷ್ಟು ದೂರ ಸಮುದ್ರಕ್ಕೆ ಕರೆದೊಯ್ದೆವು.